ಒಂದೇ ಹಗೆ, ಎರಡು ಹೇಳಿಕೆ

14 ಜನವರಿ 2024, ಭಾನುವಾರ

ಕಮಲ್ ಹಾಸನ್ ಬರೆದು, ನಿರ್ದೇಶಿಸಿ, ನಟಿಸಿದ ‘ವಿರುಮಾಂಡಿ’ 2004ರ ಪೊಂಗಲ್ ಸಮಯದಲ್ಲಿ ತೆರೆಗೆ ಬಂದು ಇಂದಿಗೆ 20 ವರ್ಷ ತುಂಬಿತು. ನಾಳೆಯ ಸಂಕ್ರಾಂತಿಗೆ ಎಳ್ಳು ಬೆಲ್ಲ ಬೆರೆಸಿಟ್ಟು, ರಾತ್ರಿ ಈ ತಮಿಳು ಚಿತ್ರವನ್ನು ಮತ್ತೊಮ್ಮೆ ಪೂರ್ತಿಯಾಗಿ ನೋಡಿದೆ.

ತಮಿಳುನಾಡಿನ ತೇನಿ ಸೀಮೆಯ ಹಳ್ಳಿಗಳ ಹಗೆತನ ಇದರ ವಸ್ತು. ಒಂದು ಕಡೆ ಕೊತ್ತಾಳ ತೇವರ್, ಇನ್ನೊಂದು ಕಡೆ ನಲ್ಲಮ ನಾಯ್ಕರ್. ಇವರ ನಡುವೆ ಸಿಕ್ಕಿಕೊಂಡವನು ವಿರುಮಾಂಡಿ. ಅವನ ಹೊಲದಲ್ಲಿ ಒಳ್ಳೆಯ ಅಂತರ್ಜಲವಿದೆ, ಕೊತ್ತಾಳನ ಕಣ್ಣು ಅದರ ಮೇಲಿದೆ. ಮಚ್ಚು ಹಿಡಿದು ಓಡುವ ಜನರ ಹಿಂದೆ ನೀರಿನ ಆಸೆಯನ್ನು ಇಟ್ಟಿರುವುದರಿಂದಲೇ ಈ ಜಗಳ ನನಗೆ ನಿಜವೆನಿಸುತ್ತದೆ.

ಮರಣದಂಡನೆಯನ್ನು ವಿರೋಧಿಸುವ ಏಂಜೆಲಾ (ರೋಹಿಣಿ) ಚೆನ್ನೈನ ಜೈಲಿನಲ್ಲಿ ಕೈದಿಗಳನ್ನು ಮಾತನಾಡಿಸುತ್ತಾಳೆ. ಮೊದಲು ಕೊತ್ತಾಳನ ಸರದಿ. ಪಶುಪತಿ ಅವನನ್ನು ಎಷ್ಟು ನೊಂದ ಹಿರಿಯನಂತೆ ಅಭಿನಯಿಸಿದ್ದಾರೆಂದರೆ, ಮೊದಲ ಸಲ ನೋಡಿದಾಗ ನಾನು ಅವನ ಮಾತನ್ನು ಅನುಮಾನವಿಲ್ಲದೆ ನಂಬಿದ್ದೆ. ಅವನು ಹೇಳುವಂತೆ ವಿರುಮಾಂಡಿ ಕುಡುಕ, ಕೊಲೆಗಾರ, ಕೊತ್ತಾಳನ ಸಂಬಂಧಿಕಳಾದ ಅನ್ನಲಕ್ಷ್ಮಿಯನ್ನು ಕೆಡಿಸಿದವನು. ಆಮೇಲೆ ಗಲ್ಲು ಕಾಯುತ್ತಿರುವ ವಿರುಮಾಂಡಿಯೇ ಮಾತಿಗೆ ಕೂರುತ್ತಾನೆ. ಅದೇ ಊರು, ಅವೇ ಮುಖಗಳು ಮರಳಿ ಬರುತ್ತವೆ. ಆದರೆ ಈಗ ಅನ್ನಲಕ್ಷ್ಮಿ ಅವನನ್ನು ಮೆಚ್ಚಿದವಳು, ನಾಯ್ಕರ ಜನರ ಹತ್ಯಾಕಾಂಡ ಕೊತ್ತಾಳನ ಕಡೆಯವರ ಕೆಲಸ. ಇಂದು ಎರಡೂ ಹೇಳಿಕೆಗಳನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಹೋಲಿಸುತ್ತಾ ಕುಳಿತಾಗ, ಯಾವ ಮಾತು ಯಾರ ಬಾಯಿಂದ ಯಾವ ಬಾಯಿಗೆ ದಾಟಿತೆಂದು ಗುರುತಿಸುವುದರಲ್ಲಿಯೇ ಮಧ್ಯರಾತ್ರಿ ಕಳೆಯಿತು.

ಅನ್ನಲಕ್ಷ್ಮಿಯ ಹೋರಿಯನ್ನು ವಿರುಮಾಂಡಿ ಹಿಡಿಯುವ ಜಲ್ಲಿಕಟ್ಟಿನ ದೃಶ್ಯದಲ್ಲಿ ಧೂಳು, ಕೂಗು, ಹೋರಿಯ ಭುಜಕ್ಕೆ ಜೋತುಬಿದ್ದ ಮೈ ಎಲ್ಲವೂ ನಮ್ಮ ಹಾವೇರಿ ಕಡೆಯ ಹೋರಿ ಹಬ್ಬವನ್ನು ನೆನಪಿಸಿದವು.

ಚಿತ್ರಕ್ಕೆ ಮೊದಲು ಇಟ್ಟಿದ್ದ ‘ಸಂಡಿಯರ್’ (ಪುಂಡ) ಎಂಬ ಹೆಸರು ಜಾತಿಯ ಗರ್ವವನ್ನು ಹೊಗಳುತ್ತದೆಂದು ವಿರೋಧ ಬಂದಿತ್ತು, ಅದನ್ನು ಬದಲಾಯಿಸಬೇಕಾಯಿತು. ಆ ಆತಂಕಕ್ಕೆ ಕಾರಣವಿತ್ತೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮಚ್ಚು ಬೀಸುವ ನಾಯಕನಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರು ಎಲ್ಲ ಕಡೆಯೂ ಇದ್ದಾರೆ. ಆದರೂ ನನ್ನನ್ನು ಕಾಡಿದ್ದು ಹೊಡೆದಾಟವಲ್ಲ. ಬಲವಂತದ ಮದುವೆಯ ನಂತರ ಅನ್ನಲಕ್ಷ್ಮಿ ನೇಣು ಹಾಕಿಕೊಳ್ಳುತ್ತಾಳೆ. ಏಂಜೆಲಾಳ ಕ್ಯಾಮೆರಾದ ಎದುರು ಇಬ್ಬರು ಗಂಡಸರು ಅವಳ ಕಥೆಯನ್ನು ಹೇಳುತ್ತಾರೆ, ಅವಳ ಹೇಳಿಕೆ ಎಲ್ಲಿಯೂ ಇಲ್ಲ.