ರಷ್ಯನ್ ಕಲೀಲಾ, ಅರೇಬಿಕ್ ಕಲೀಲಾ?

ಡಿಗ್ರಿ ಮುಗಿಸಿದ ಹುಡುಗರು ಕಾರವಾರದ ಬೀಚಿನಲ್ಲಿ ಸಿಕ್ಕಾಗೆಲ್ಲ ಕೇಳುವುದು ಇದೇ: "ಸರ್, ಮುಂದೆ ಯಾವುದಕ್ಕೆ ಬೆಲೆ ಜಾಸ್ತಿ?" ನಾನು ರಷ್ಯನ್, ಅರೇಬಿಕ್ ಎರಡನ್ನೂ ಅರ್ಧಂಬರ್ಧ ಕಲಿತವನು, ಅದಕ್ಕೇ ಇರಬೇಕು.

ರಷ್ಯನ್ ಅನ್ನುವವರು ಬೀಚಿನಲ್ಲೇ ಇರುವ ಚಾಪೆಲ್ ಯುದ್ಧನೌಕೆಯನ್ನು ತೋರಿಸುತ್ತಾರೆ. ಅದು ಸೋವಿಯತ್ ಕಾಲದ್ದು. ಅರಗಾದ ನೌಕಾನೆಲೆಯ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಕೂಡ 2013ರಲ್ಲಿ ನಮ್ಮದಾಗುವ ಮೊದಲು ರಷ್ಯದ ಅಡ್ಮಿರಲ್ ಗೋರ್ಷ್ಕೋವ್ ಆಗಿತ್ತು. ಸರಿ, ಆದರೆ ಹಡಗು ಅಲ್ಲಿಂದ ಬಂತು ಅಂತ ಊರಿಗೆಲ್ಲ ರಷ್ಯನ್ ಕೆಲಸ ಸಿಗುತ್ತದಾ? 2022ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ಕೊಚ್ಚಿಯಲ್ಲೇ ಕಟ್ಟಿದ್ದು.

ಹಾಗಂತ ರಷ್ಯನ್ ನಮಗೆ ಕಷ್ಟ ಅಲ್ಲ. 33 ಅಕ್ಷರ ವಾರದಲ್ಲಿ ಬರುತ್ತವೆ. ಆರು ವಿಭಕ್ತಿ ಅಂದರೆ ಇಂಗ್ಲಿಷಿನವರು ಹೆದರುತ್ತಾರೆ, ಮನೆಗೆ-ಮನೆಯಿಂದ-ಮನೆಯಲ್ಲಿ ಅನ್ನುತ್ತಲೇ ಬೆಳೆದ ನಾವು ಯಾಕೆ ಹೆದರಬೇಕು? ಓದುತ್ತಿದ್ದರೆ ಚಿತಾತ್, ಓದಿ ಮುಗಿಸಿದರೆ ಪ್ರಚಿತಾತ್. ನಮ್ಮ "ಓದಿಬಿಡು" ಇದ್ದ ಹಾಗೇ, ಅಲ್ವಾ?

ಅರೇಬಿಕ್ ನಿಜವಾಗಿಯೂ ಬೆವರಿಳಿಸುತ್ತದೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವವರು ರಷ್ಯನ್ನಿಗೆ ಸುಮಾರು 1100 ಗಂಟೆ, ಅರೇಬಿಕ್ಕಿಗೆ 2200 ಗಂಟೆ ಇಡುತ್ತಾರೆ. ಅಷ್ಟು ಕಲಿತರೂ ಪುಸ್ತಕದ್ದು ಬೇರೆ, ದುಬೈ ಬೀದಿಯದು ಬೇರೆ, ಕೈರೋದ್ದು ಇನ್ನೂ ಬೇರೆ. ಆದರೆ ತಾಲೂಕು ಕಚೇರಿಗೆ ಹೋಗಿ ನೋಡಿ: ಅರ್ಜಿ, ನಕಲು, ತಾರೀಖು, ಬಾಕಿ, ವಸೂಲಿ, ತಾಲೂಕು, ಎಲ್ಲ ಅರೇಬಿಕ್ಕಿನಿಂದಲೇ ಬಂದದ್ದು. "ಜಿಲ್ಲೆ"ಯ ಮೂಲ ಪದಕ್ಕೆ ಪಕ್ಕೆಲುಬು ಅಂತ ಅರ್ಥ! (ನನಗಂತೂ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು.)

ನನ್ನ ಉತ್ತರ ಅರೇಬಿಕ್. ಈ ಕರಾವಳಿಯಿಂದ, ಭಟ್ಕಳದಿಂದಂತೂ ಕೇಳುವುದೇ ಬೇಡ, ಗಲ್ಫಿಗೆ ಹೋದವರು ಅಷ್ಟು ಜನ ಇದ್ದಾರೆ. ಅಲ್ಲಿ ಅಂಗಡಿಯಲ್ಲಿ ಹಿಂದಿ ಸಾಕು, ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಸಾಲದೇ ಹೋಗುವುದು ಕಾಗದದ ಮುಂದೆ ಕೂತಾಗ.

ಪಕ್ಕದ ಮನೆಯ ಹುಡುಗ ಒಮ್ಮೆ ದುಬೈ ಕೆಲಸದ ಕರಾರುಪತ್ರ ತಂದಿದ್ದ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರೇಬಿಕ್. ಎರಡರಲ್ಲಿ ವ್ಯತ್ಯಾಸ ಬಂದರೆ ಅಲ್ಲಿನ ಕಾರ್ಮಿಕ ಕಾನೂನು ಅರೇಬಿಕ್ಕನ್ನೇ ಹಿಡಿಯುತ್ತದೆ. ಡಿಕ್ಷನರಿ ಇಟ್ಟುಕೊಂಡು ಒಂದು ಪುಟಕ್ಕೆ ಇಡೀ ಸಂಜೆ ಕೂತೆ. ಕಂಪನಿ ಕೊಡುತ್ತದೆ ಅಂತ ಎಡಗಡೆ ಇದ್ದ ರೂಮಿನ ಬಾಡಿಗೆ ಬಲಗಡೆ ಎಲ್ಲೂ ಇರಲಿಲ್ಲ. ಅವನು ಸಹಿ ಹಾಕದೆ ಫೋನ್ ಎತ್ತಿಕೊಂಡ.