ಗ್ಯಾಸ್ಟ್ರಿಕ್ ಅಲ್ಲದ ಹೊಟ್ಟೆನೋವು

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತಿಂದವರಿಗೆ ರಾತ್ರಿ ಹೊಟ್ಟೆ ನೋವು ಬಂದರೆ, ವೈದ್ಯರಿಗಿಂತ ಮೊದಲು ಮನೆಯವರೇ ಕಾರಣ ಹೇಳಿಬಿಡುತ್ತಾರೆ. 52 ವರ್ಷದ ನಮ್ಮಣ್ಣನಿಗೂ ನಾವು ಓಂಕಾಳು, ಸೋಡಾ ಕೊಟ್ಟು ಎರಡು ಗಂಟೆ ಕಳೆದೆವು. ಹೊಕ್ಕಳ ಮೇಲ್ಭಾಗದಲ್ಲಿ ಒಮ್ಮೆಲೇ ಶುರುವಾದ ಆ ನೋವು ಬೆನ್ನಿಗೂ ಹಬ್ಬಿದಾಗ ಆಸ್ಪತ್ರೆಗೆ ಓಡಿದೆವು.

ಇಸಿಜಿ ಸರಿಯಾಗಿತ್ತು, ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ. ರೋಗಿ ಇಷ್ಟು ನರಳುತ್ತಿದ್ದರೂ ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇದೆಯೆಂಬುದೇ ವೈದ್ಯರ ಅನುಮಾನಕ್ಕೆ ಕಾರಣವಾಯಿತು. ರಕ್ತನಾಳಕ್ಕೆ ಔಷಧ ಹಾಯಿಸಿ ತೆಗೆದ ಸಿಟಿ ಸ್ಕ್ಯಾನ್‌ನಲ್ಲಿ ಸುಪೀರಿಯರ್ ಮೆಸೆಂಟರಿಕ್ ಅಪಧಮನಿ ಒಳಗೇ ಸೀಳಿರುವುದು ಗೊತ್ತಾಯಿತು.

ಮಹಾಪಧಮನಿಯಿಂದ ಕವಲೊಡೆಯುವ ಈ ನಾಳವು ಸಣ್ಣ ಕರುಳಿನ ಬಹುಭಾಗಕ್ಕೂ ದೊಡ್ಡ ಕರುಳಿನ ಮೊದಲರ್ಧಕ್ಕೂ ರಕ್ತ ಒಯ್ಯುತ್ತದೆ. ಅಪಧಮನಿಯ ಗೋಡೆಗೆ ಮೂರು ಪದರಗಳಿರುತ್ತವೆ. ಒಳಪದರ ಹರಿದಾಗ ರಕ್ತವು ಗೋಡೆಯೊಳಗೇ ನುಗ್ಗಿ, ಪದರಗಳನ್ನು ಬೇರ್ಪಡಿಸಿ, ತನಗೊಂದು ಸುಳ್ಳು ದಾರಿ ಮಾಡಿಕೊಳ್ಳುತ್ತದೆ, ಅದು ಉಬ್ಬಿದಷ್ಟೂ ನಿಜವಾದ ದಾರಿ ಕಿರಿದಾಗುತ್ತದೆ. ಪೆಟ್ಟು ಬೀಳದೆ, ಮಹಾಪಧಮನಿ ಸೀಳದೆ, ಈ ಕವಲೊಂದೇ ತಾನಾಗಿ ಸೀಳುವುದು ಅಪರೂಪ. ಐವತ್ತರ ಆಸುಪಾಸಿನ ಗಂಡಸರಲ್ಲಿ ಹೆಚ್ಚು. ರಕ್ತದೊತ್ತಡ, ಧೂಮಪಾನಗಳ ನಂಟೂ ಇದೆಯಂತೆ. ಅಣ್ಣನಿಗೆ ಎರಡೂ ಇದ್ದವು.

ಸೀಳಿದ್ದನ್ನು ಹೊಲಿಯಲೇಬೇಕೆಂದುಕೊಂಡು ನಾನು ದುಡ್ಡಿನ ಲೆಕ್ಕ ಹಾಕತೊಡಗಿದ್ದೆ. ಆದರೆ ಕರುಳಿಗೆ ರಕ್ತ ಹೋಗುತ್ತಿದ್ದು, ನಾಳ ಒಡೆಯದೇ ಇದ್ದರೆ, ಬಹಳಷ್ಟು ಜನರಿಗೆ ಆಪರೇಷನ್ ಬೇಕಾಗುವುದಿಲ್ಲವೆಂದು ವೈದ್ಯರು ವಿವರಿಸಿದರು. ಬಾಯಿಗೆ ಏನನ್ನೂ ಕೊಡದೆ ಡ್ರಿಪ್ ಹಾಕಿದರು, ನೋವಿಗೆ ಔಷಧ ಕೊಟ್ಟರು, ಬಿಪಿಯನ್ನು ಇಳಿಸಿದರು, ಆಸ್ಪಿರಿನ್ ಶುರುಮಾಡಿದರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ ಎಲ್ಲರಿಗೂ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲವಂತೆ. ನೋವು ತಗ್ಗದಿದ್ದರೆ ಅಥವಾ ನಿಜವಾದ ದಾರಿ ಮುಚ್ಚುತ್ತಾ ಬಂದರೆ ಸ್ಟೆಂಟ್, ಕರುಳು ಕೊಳೆಯತೊಡಗಿದರೆ ಅಥವಾ ನಾಳ ಒಡೆದರೆ ತುರ್ತು ಶಸ್ತ್ರಚಿಕಿತ್ಸೆ ಎಂದು ಮೊದಲೇ ತಿಳಿಸಿದ್ದರು. ಹಾಗಾಗಿ ಏನೂ ಮಾಡದಂತೆ ಕಾಣುವ ಆ ಕಾಯುವಿಕೆಯಲ್ಲಿ, ನರ್ಸ್ ಗಂಟೆಗೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡುವಾಗಲೆಲ್ಲ ನನ್ನ ಎದೆ ಡವಡವ ಎನ್ನುತ್ತಿತ್ತು.

ಮೂರನೆಯ ದಿನ ಗಂಜಿ ಕುಡಿದ, ಎಂಟನೆಯ ದಿನ ಮನೆಗೆ ಬಂದ. ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಸುಳ್ಳು ದಾರಿ ಕುಗ್ಗಿತ್ತು, ಪೂರ್ತಿ ಮುಚ್ಚಿರಲಿಲ್ಲ. ಸಿಗರೇಟು ನಿಂತಿದೆ. ಮುಂದಿನ ಸ್ಕ್ಯಾನ್‌ವರೆಗೆ ದಿನಾ ಬೆಳಿಗ್ಗೆ ಬಿಪಿ ನೋಡಿಕೊಂಡು, ಅಂಗಡಿಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತಿದ್ದಾನೆ.