ಬಿಳಿ ಗೆರೆ

ಇವತ್ತು ಮಡಿಕೇರಿಯಿಂದ ಹೊರಟ ಬಸ್ಸಿನಲ್ಲಿ ಅಜ್ಜಿಯ ತೊಡೆ ಮೇಲಿದ್ದ ಮಗುವೊಂದು ಬಾಯ್ತುಂಬ ನಕ್ಕಿತು. ಒಂದೂವರೆ ವರ್ಷ ಇರಬಹುದು.
ಮೇಲಿನ ಮುಂಬಲ್ಲುಗಳಲ್ಲಿ, ಒಸಡಿಗೆ ಅಂಟಿಕೊಂಡಂತೆ, ಸುಣ್ಣದಲ್ಲಿ ಗೀಚಿದಂಥ ಬಿಳಿ ಗೆರೆ.

ಹುಳುಕು ಶುರುವಾಗೋದು ಹೀಗೇ. ಕಪ್ಪಲ್ಲ, ಬಿಳಿ. ಎಷ್ಟೋ ಸಲ ಮೇಲ್ದುಟಿ ಎತ್ತಿ ನೋಡಿದರಷ್ಟೇ ಕಾಣೋದು.

ಬಾಟಲಿ ಹಾಲು ಬಾಯಲ್ಲೇ ಇಟ್ಟು ಮಲಗಿಸಿದರೆ ಹೀಗಾಗುತ್ತೆ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಹಾಲನ್ನು ತೊಳೆಯೋರಿಲ್ಲ. ಕೆಳಗಿನ ಹಲ್ಲಿಗೆ ನಾಲಿಗೆ ಅಡ್ಡ ಇರುತ್ತೆ, ಮೇಲಿನದಕ್ಕೆ ಏನೂ ಇಲ್ಲ.
ನಿಪ್ಪಲ್‌ಗೆ ಜೇನು ಸವರೋದಂತೂ ಬೇಡವೇ ಬೇಡ, ಕೊಡಗಿನ ಜೇನೇ ಆಗಿರಲಿ. ವರ್ಷ ತುಂಬದ ಮಗುವಿಗೆ ಜೇನೇ ಕೊಡಬಾರದು.

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಶ್. 1000 ಪಿಪಿಎಂ (ಹತ್ತು ಲಕ್ಷಕ್ಕೆ 1000 ಪಾಲು) ಫ್ಲೋರೈಡ್ ಪೇಸ್ಟ್, ಅಕ್ಕಿಕಾಳಿನಷ್ಟು. 3 ವರ್ಷ ಆದ ಮೇಲೆ ಬಟಾಣಿಯಷ್ಟು. ಬ್ರಶ್ ಉದ್ದಕ್ಕೂ ಪೇಸ್ಟ್ ಹಾಕೋದು ಜಾಹೀರಾತಿನವರ ಚಾಳಿ.

ವರ್ಷ ತುಂಬೋದರೊಳಗೆ ಒಂದು ಸಲ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಕುರ್ಚಿಯೂ ಬೇಕಿಲ್ಲ. ಡಾಕ್ಟರೂ ಅಮ್ಮನೂ ಮಂಡಿಗೆ ಮಂಡಿ ತಾಗಿಸಿ ಕೂರ್ತಾರೆ. ಮಗುವಿನ ತಲೆ ಡಾಕ್ಟರ ತೊಡೆ ಮೇಲೆ, ಕಾಲು ಅಮ್ಮನ ಸೊಂಟದ ಎರಡು ಕಡೆ. ಅಳುತ್ತೆ, ಅಳಲಿ. ಬಾಯಿ ತಾನೇ ತೆರೆಯುತ್ತಲ್ಲ!
ಬಿಳಿ ಗೆರೆ ಇದ್ದಾಗಲೇ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಹಚ್ಚೋ ಲೇಪ) ಸವರಿ, ರಾತ್ರಿ ಬಾಟಲಿ ಬಿಡಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಗುಳಿ ಬಿದ್ದರೆ ವಾರ್ನಿಶ್‌ನಿಂದ ತುಂಬಲ್ಲ.

"ಬೀಳೋ ಹಲ್ಲಲ್ವಾ," ಅಂದರು ಅಜ್ಜಿ.
ದವಡೆಯ ಹಾಲುಹಲ್ಲು ಬೀಳೋದು 9–12 ವರ್ಷಕ್ಕೆ ಅಜ್ಜಿ, ಅಲ್ಲೀತನಕ ಅದರಲ್ಲೇ ಅಗಿಯಬೇಕು ಅನ್ನುವಷ್ಟರಲ್ಲಿ ಸಿದ್ದಾಪುರ ಬಂತು.